ಚಕ್ಕೋತದ ಜ್ವರ

ನಮ್ಮಪ್ಪನ ಮೈಯಿಂದ ಯಾವಾಗಲೂ ಯಾವುದಾದರೊಂದು ಹಣ್ಣಿನ ವಾಸನೆ ಬರುತ್ತಿತ್ತು. ತಿಂದು ಬಂದ ವಾಸನೆ ಅಂದುಕೊಳ್ಳಬೇಡಿ, ಅದು ಜ್ವರದ ವಾಸನೆ. ಹಣ್ಣು, ಸೊಪ್ಪು, ಸಸಿ, ಬೀಜ, ಹೊರಗಿನದು ಏನೇ ಆಗಲಿ, ನಮ್ಮೂರಿನ ಬಾಗಿಲು ದಾಟುವ ಮೊದಲು ತಪಾಸಣೆ ಕಟ್ಟೆಯ ಮುಂದೆ ಇಳಿಯಬೇಕು. ಅಲ್ಲಿ ತಪಾಸಣೆಯ ಪಂಕಜಾಕ್ಷಮ್ಮ ಎಲೆ ಮಗುಚಿ, ತೊಟ್ಟು ಚಿವುಟಿ, ಭೂತಗನ್ನಡಿ ಹಿಡಿದು ನೋಡುತ್ತಾರೆ. ಆಮೇಲೆ ಶುಲ್ಕ. ಶುಲ್ಕ ಕೊಡುವವನು ಕಟ್ಟೆಯ ಮೇಲಿನ ಕರಿಕಲ್ಲಿಗೆ ಅಂಗೈ ಊರಬೇಕು. ಕಲ್ಲು ಬೆಚ್ಚಗಾಯಿತೋ, ಶುಲ್ಕ ಸಂದಿತು. ಮಾಲಿನಲ್ಲಿದ್ದ ಕಾಯಿಲೆಯೆಲ್ಲ ಅಂಗೈ ಊರಿದವನ ಮೈಗೆ ಇಳಿಯುತ್ತದೆ, ಹಣ್ಣು ಚೊಕ್ಕವಾಗಿ ಊರೊಳಗೆ ಹೋಗುತ್ತದೆ. ದುಡ್ಡು ಅಲ್ಲಿ ನಡೆಯುವುದಿಲ್ಲ. ಶುಲ್ಕ ಕೊಡದ ಹಣ್ಣು ಪೇಟೆ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಕೊಳೆತು ಸುರಿಯುತ್ತದೆ.

ಸಾಹುಕಾರರು ಕಲ್ಲು ಮುಟ್ಟುತ್ತಾರೆಯೇ? ಅದಕ್ಕೆ ಆಳುಗಳಿದ್ದಾರೆ. ಕೈ ಊರುವವರು ಎಂದು ಅವರ ಹೆಸರು. ನಮ್ಮಪ್ಪ ಹೊನ್ನಯ್ಯ, ಮಂಡಿ ಚನ್ನವೀರಪ್ಪನವರ ಕಡೆಯ ಕೈ ಊರುವವನು. ಗಾಡಿಗಟ್ಟಲೆ ನಿಂಬೆ ಬಂದರೆ ತಲೆ ಸಿಡಿಯುವ ನೆಗಡಿ, ಬಾಳೆಗೊನೆ ಬಂದರೆ ಕೀಲುಕೀಲಿನಲ್ಲಿ ನೋವು, ಹಲಸು ಬಂದರೆ ಹಲ್ಲು ಕಟಕಟ ಎನ್ನುವ ಚಳಿಜ್ವರ. ಮಂಡಿಯ ಹಿಂದೆ ಒಂದು ಜಗಲಿಯಿದೆ. ಕೈ ಊರಿದವರು ಅಲ್ಲಿ ಗೋಣಿಚೀಲ ಹೊದ್ದು ಬಿದ್ದುಕೊಂಡಿರುತ್ತಾರೆ. ಜ್ವರ ಬಿಡುವವರೆಗೂ, ಬಿಟ್ಟ ಮೇಲೆಯೂ ಕೆಲವು ದಿನ, ಮೈಯಿಂದ ಆ ಹಣ್ಣಿನ ವಾಸನೆ ಹೋಗುವುದಿಲ್ಲ. ಹೋಟೆಲಿನಲ್ಲಿ ಅವರಿಗೆ ಬಾಗಿಲ ಪಕ್ಕದ ಬೆಂಚು. ಅಪ್ಪ ಬೀದಿಯಲ್ಲಿ ನಡೆದರೆ ಹೆಂಗಸರು ಮೂಗರಳಿಸಿ, "ಹೊನ್ನಯ್ಯ ಹೋದ ಕಣೇ, ಅನಾನಸ್ ಬಂದೈತೆ, ಖಾಲಿ ಆಗೋಕ್ಮುಂಚೆ ಮಂಡಿಗೆ ನಡಿ" ಎನ್ನುತ್ತಿದ್ದರು. ಅವನು ಹೇಗಿದ್ದಾನೆ ಅಂತ ಕೇಳಿದವರನ್ನು ನಾನು ಕಾಣೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಅಪ್ಪ ಬುತ್ತಿ ಕೊಡಲು ಸ್ಕೂಲಿಗೆ ಬಂದ. ಹಲಸಿನ ಜ್ವರ ಆಗ ತಾನೇ ಬಿಟ್ಟಿತ್ತು. ಮೇಷ್ಟ್ರು ಮೂಗಿಗೆ ಕರ್ಚೀಫು ಹಿಡಿದುಕೊಂಡರು. ಹುಡುಗರು, "ಲೋ ಸಿದ್ರಾಜ, ನಿಮ್ಮಪ್ಪನಿಗೆ ನೊಣ ಮುತ್ತುತ್ತೆ, ಓಡ್ಸೋ" ಎಂದು ಬೆಂಚು ಬಡಿದು ನಕ್ಕರು. ಅಪ್ಪನೂ ನಕ್ಕ. ನನಗೆ ಉರಿದದ್ದು ಆ ನಗು. ಬುತ್ತಿಯನ್ನು ಅಂಗಳಕ್ಕೆ ಎಸೆದು ನೇರವಾಗಿ ತಪಾಸಣೆ ಕಟ್ಟೆಗೆ ಹೋಗಿ, ಗಾಡಿಯವರು, ಸಾಹುಕಾರರು ಎಲ್ಲರೂ ನೋಡುತ್ತಿದ್ದ ಹಾಗೇ, "ನನ್ನ ಕೈ ಈ ಕಲ್ಲಿಗೆ ತಾಗಿದ ದಿನ ನನ್ನನ್ನ ನಾಯಿ ಅಂತ ಕರೀರಿ" ಎಂದು ಕೂಗಿದೆ. ಸ್ಕೂಲಿಗೆ ಮತ್ತೆ ಹೋಗಲಿಲ್ಲ. ಸೈಕಲ್ ಶಾಪಿಗೆ ಸೇರಿ ಪಂಕ್ಚರ್ ಹಾಕತೊಡಗಿದೆ. ಗ್ರೀಸಿನ ವಾಸನೆ ಹಣ್ಣಿನ ವಾಸನೆಗಿಂತ ಮೇಲು ಅಂತ ಊರಿಗೆಲ್ಲ ಸಾರಿಕೊಂಡು ತಿರುಗಿದೆ. ಅಪ್ಪನ ಹತ್ತಿರ ಮಾತು ಕಡಿಮೆಯಾಯಿತು.

ನಮ್ಮೂರಿನಲ್ಲಿ ಮರ್ಯಾದೆ ತರುವ ಜ್ವರವೂ ಒಂದಿದೆ. ಗರ್ಭಿಣಿಗೆ ಹೊರಗಿನ ಹಣ್ಣಿನ ಬಯಕೆಯಾದರೆ ಅದನ್ನು ತವರಿನವರು ತರಬೇಕು, ಶುಲ್ಕಕ್ಕೆ ತವರಿನ ಗಂಡಸೇ ಕೈ ಊರಬೇಕು. ಮಂಡಿಯಲ್ಲಿ ಕೊಂಡದ್ದು ಬಯಕೆಗೆ ಸಲ್ಲುವುದಿಲ್ಲ. ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಹೆಂಗಸರು ಹೆದರುತ್ತಾರೆ. ಹಾಗೆ ಕೈ ಊರಿದ ಅಣ್ಣನನ್ನೋ ತಮ್ಮನನ್ನೋ ಮಗಳ ಗಂಡನ ಮನೆಯವರು ನಡುಮನೆಯಲ್ಲಿ ಮಲಗಿಸಿ ಉಪಚಾರ ಮಾಡುತ್ತಾರೆ. ಹೋದ ವರ್ಷ ಚನ್ನವೀರಪ್ಪನವರ ಮಗ ಉಮಾಪತಿ ತಂಗಿಗಾಗಿ ಒಂದು ಗೊಂಚಲು ದ್ರಾಕ್ಷಿ ತಂದು ವಾರಗಟ್ಟಲೆ ಮಲಗಿದ್ದ. ಊರೆಲ್ಲ ಸಾಲುಗಟ್ಟಿ ಹೋಗಿ ನೋಡಿಕೊಂಡು ಬಂತು. ಅಪ್ಪನೂ ಶುಂಠಿ ಕಷಾಯ ಕಾಯಿಸಿಕೊಂಡು ಹೋಗಿದ್ದ. ಅವತ್ತು ಅವನಿಗೇ ಕಲ್ಲಂಗಡಿಯ ಜ್ವರವಿತ್ತು, ಗೋಡೆ ಹಿಡಿದು ನಡೆಯುತ್ತಿದ್ದ.

ಈಗ ನನ್ನ ಅಕ್ಕ ದೇವೀರಿ ಬಸುರಿ. ಅವ್ವ ತೀರಿಕೊಂಡ ಮೇಲೆ ನನಗೆ ಅನ್ನ ಹಾಕಿ ಸಾಕಿದವಳು. ಕೈ ಊರುವವನ ಮಗಳು ಅಂತ ಎಷ್ಟೋ ಕಡೆ ಸಂಬಂಧ ಮುರಿದು, ಕೊನೆಗೆ ಅವಳನ್ನು ಪೇಟೆ ಬೀದಿಯ ತುದಿಯ ಒಂದು ಮನೆಗೆ ಕೊಟ್ಟಿದ್ದೆವು. ಅವಳ ಅತ್ತೆ ಗಂಗಮಾಳಮ್ಮ ಕೆಟ್ಟವರಲ್ಲ, ಬಾಯಿ ಮಾತ್ರ ಸೂಜಿ. ಒಂದು ಸಂಜೆ ಅಕ್ಕ ಸೈಕಲ್ ಶಾಪಿಗೆ ಬಂದಳು. ಮಾತಿಗೆ ಮುಂಚೆಯೇ ಕಣ್ಣು ತುಂಬಿತ್ತು.

"ಸಿದ್ದ, ಚಕ್ಕೋತ ತಿನ್ಬೇಕು ಅನ್ನಿಸ್ತದೆ ಕಣೋ. ತಡಿಯಕ್ಕಾಯ್ತಿಲ್ಲ. ಅತ್ತೆ ದಿನಾ ಕೇಳ್ತಾರೆ, ಎಲ್ಲಮ್ಮ ನಿನ್ನ ತವರಿನ ಬಯಕೆ, ದಾರೀಲಿ ನಿದ್ದೆ ಮಾಡ್ತಾ ಐತಾ ಅಂತ."

"ಅಪ್ಪನಿಗೆ ಹೇಳಿದ್ಯಾ?"

"ಅಪ್ಪ ಅನಾನಸ್ ಹೊತ್ಕೊಂಡು ಮಲಗವ್ನೆ. ಎದ್ದು ನಿಂತ್ರೆ ಬೀಳ್ತಾನೆ." ತಲೆ ತಗ್ಗಿಸಿದಳು. "ನೀನು ಕೈ ಊರು ಅಂತ ಕೇಳಕ್ಕೆ ಬಂದಿಲ್ಲ ಕಣೋ. ನಿನ್ನ ಆಣೆ ನಂಗೊತ್ತು. ಸುಮ್ನೆ ನಿನ್ ಹತ್ರ ಹೇಳ್ಬೇಕು ಅನ್ನಿಸ್ತು."

ಅವಳು ಕೇಳಿದ್ದರೆ ನಾನು ಬೈದುಬಿಡುತ್ತಿದ್ದೆ. ಕೇಳಲಿಲ್ಲವಲ್ಲ, ಅದು ಎದೆಗೆ ಚುಚ್ಚಿತು. "ನಾಳೆ ತಂದ್ಕೊಡ್ತೀನಿ, ಹೋಗು" ಅಂದೆ. ಹೇಗೆ ತರುತ್ತೇನೆ ಅಂತ ಹೇಳಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೆ: ಸೈಕಲ್ ತುಳಿಯುವುದರಲ್ಲಿ ಈ ಊರಿನಲ್ಲಿ ನನ್ನ ಮುಂದೆ ಯಾರೂ ಇಲ್ಲ. ಹಣ್ಣು ಕೊಳೆಯುವುದಕ್ಕೆ ಮುಂಚೆ ನಾನು ಅವಳ ಮನೆಯ ಬಾಗಿಲಲ್ಲಿ ಇರುತ್ತೇನೆ.

ಮರುದಿನ ಹೊರಗಿನ ತೋಟಕ್ಕೆ ಹೋಗಿ ಒಳ್ಳೆಯ ಹಣ್ಣೊಂದನ್ನು ಆರಿಸಿದೆ. ಹೊಟ್ಟೆಗೆ ಪಂಚೆ ಸುತ್ತಿ, ಅದರೊಳಗೆ ಹಣ್ಣು ಸಿಕ್ಕಿಸಿ, ಮೇಲೆ ಅಂಗಿ ಹಾಕಿಕೊಂಡೆ. ದನ ಹೊಡೆದುಕೊಂಡು ಬರುವವರ ನಡುವೆ ಬಾಗಿಲು ದಾಟಿ, ಸೈಕಲ್ ಹತ್ತಿ ತುಳಿದೆ. ಪೇಟೆ ಅರ್ಧ ದಾಟಿರಲಿಲ್ಲ, ಹೊಟ್ಟೆಯ ಮೇಲೆ ತಣ್ಣಗೆ ಏನೋ ಹರಿಯಿತು. ಎದುರಿಗೆ ಬಂದ ಎತ್ತಿನ ಗಾಡಿಗೆ ಬ್ರೇಕು ಹಿಡಿದು ನಿಂತದ್ದೇ ತಪ್ಪಾಯಿತು. ಹೋಟೆಲಿನ ಕಟ್ಟೆಯಿಂದ ಒಬ್ಬ ಕೂಗಿದ: "ಏನ್ಲಾ ಸಿದ್ರಾಜ, ಹೊಟ್ಟೆ ಬಂದ್ಬಿಟ್ಟೈತೆ! ಎಷ್ಟು ತಿಂಗಳು?" ಇನ್ನೊಬ್ಬ, "ಅಯ್ಯೋ ನೀರು ಹೊಯ್ತಾ ಐತೆ, ಸೂಲಗಿತ್ತೀನ ಕರೀರಪ್ಪ" ಅಂದ. ಬೀದಿಯೇ ಬಿದ್ದುಬಿದ್ದು ನಕ್ಕಿತು. ಅಂಗಿಯ ತುಂಬ ಕಪ್ಪು ನೀರು ಇಳಿದು ಪ್ಯಾಂಟು ನೆನೆಯುತ್ತಿತ್ತು. ಆದರೂ ತುಳಿದೆ. ಅಕ್ಕನ ಮನೆಯ ಮೆಟ್ಟಿಲ ಮೇಲೆ ಪಂಚೆ ಬಿಚ್ಚಿದರೆ ಸಗಣಿಯ ಹಾಗೆ ಒಂದು ಮುದ್ದೆ ಬಿತ್ತು.

ಗಂಗಮಾಳಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಬಂತಲ್ಲವ್ವ, ತವರಿನ ಬಯಕೆ. ಬನ್ರೇ, ಎಲ್ಲರೂ ಬಂದು ಅರಿಶಿನ ಕುಂಕುಮ ತಗೊಳ್ಳಿ." ಆಮೇಲೆ ದನಿ ತಗ್ಗಿಸಿ, ಅದು ಇನ್ನೂ ಕೆಟ್ಟದಾಗಿತ್ತು, "ಅಲ್ಲಪ್ಪಾ, ಊರ ಜ್ವರಾನೆಲ್ಲ ತಗೊಳ್ಳೋ ಮನೆ ನಿಮ್ಮದು. ಮನೆ ಮಗಳಿಗೆ ಒಂದು ಹಣ್ಣಿನ ಜ್ವರ ಭಾರ ಆಯ್ತಾ? ನಾಳೆ ಕೂಸಿನ ಕಿವಿ ಸೋರಿದ್ರೆ ನನ್ನ ಮಗನಿಗೆ ನಾನೇನು ಹೇಳಲಿ?" ಎಂದರು. ಅಕ್ಕ ಬಟ್ಟೆ ತಂದು, ಆ ಹೊಟ್ಟೆ ಹೊತ್ತುಕೊಂಡು ಬಗ್ಗಿ, ಮೆಟ್ಟಿಲು ಒರೆಸಿದಳು. ಬಟ್ಟೆ ಕಿತ್ತುಕೊಳ್ಳಲು ಹೋದೆ. "ನೀನು ಹೋಗು" ಅಂದಳು.

ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ಅಪ್ಪ ಚಾಪೆಯ ಮೇಲೆ ಗೋಡೆಗೆ ತಿರುಗಿ ಮಲಗಿದ್ದ. ಬೆಳಗ್ಗೆ ನಾನು ಏಳುವಷ್ಟರಲ್ಲಿ ಚಾಪೆ ಸುತ್ತಿಟ್ಟಿತ್ತು. ನಾನು ಕಟ್ಟೆಗೆ ಓಡಿದೆ. ಅಪ್ಪ ಆಗಲೇ ತೋಟದಿಂದ ವಾಪಸು ಬಂದು, ಟವೆಲಿನಲ್ಲಿ ಚಕ್ಕೋತ ಕಟ್ಟಿಕೊಂಡು, ಗಾಡಿಗಳ ಸಾಲಿನಲ್ಲಿ ನಿಂತಿದ್ದ. ಕಾಲು ನಡುಗುತ್ತಿತ್ತು. ಪಕ್ಕದಲ್ಲಿ ಚನ್ನವೀರಪ್ಪನವರ ಕಲ್ಲಂಗಡಿ ಗಾಡಿ, ಗಾಡಿಯ ನೆರಳಿನಲ್ಲಿ ಕೊಡೆ ಹಿಡಿದು ಚನ್ನವೀರಪ್ಪನವರೇ.

ಪಂಕಜಾಕ್ಷಮ್ಮ ಹಣ್ಣನ್ನು ಕೈಯಲ್ಲಿ ತಿರುಗಿಸಿ, ತೊಟ್ಟಿನ ಸುತ್ತ ಭೂತಗನ್ನಡಿ ಆಡಿಸಿದರು. "ಒಂದೇ ಹಣ್ಣಾ ಹೊನ್ನಯ್ಯ? ಯಾರಿಗೆ?"

"ಮಗಳ ಬಯಕೆ ಕಣ್ರವ್ವ" ಅಂದ ಅಪ್ಪ. ಅವನ ದನಿಯಲ್ಲಿ ಅಷ್ಟು ಜಂಬ ನಾನು ಯಾವತ್ತೂ ಕೇಳಿರಲಿಲ್ಲ.

"ಸರಿ, ಊರಿ."

ಅಪ್ಪ ಅಂಗೈ ಊರಿದ. ಎಲ್ಲರೂ ನೋಡಿದೆವು. ಪಂಕಜಾಕ್ಷಮ್ಮ ಕಲ್ಲು ಮುಟ್ಟಿದರು. "ಬೆಚ್ಚಗಾಗಿಲ್ಲ. ಇನ್ನೊಂದ್ಸಲ." ಅಪ್ಪ ಅಂಗೈಯನ್ನು ಪಂಚೆಗೆ ಚೆನ್ನಾಗಿ ಉಜ್ಜಿ ಮತ್ತೆ ಊರಿದ. "ಬೆವರಿತ್ತು ಅಂತ ಕಾಣ್ತದೆ" ಎಂದು ಗಾಡಿಯವರ ಕಡೆ ನೋಡಿ ನಕ್ಕ. ಕಲ್ಲು ತಣ್ಣಗೇ ಇತ್ತು. ಎಡಗೈ ಊರಿದ. ಎರಡೂ ಕೈ ಊರಿ, ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿದ. ಕುತ್ತಿಗೆಯ ನರ ಉಬ್ಬಿತು. ಪಂಕಜಾಕ್ಷಮ್ಮ ಕನ್ನಡಕ ತೆಗೆದು, ಬೇರೆ ಕಡೆ ನೋಡಿಕೊಂಡು ಹೇಳಿದರು: "ಬಿಡಿ ಹೊನ್ನಯ್ಯ. ಕಲ್ಲು ನಿಮ್ಮ ಕೈ ತಗೊಳ್ತಿಲ್ಲ. ಕೊಡೋದಕ್ಕೆ ನಿಮ್ಮ ಮೈಯಲ್ಲಿ ಏನೂ ಉಳಿದಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಹೊಡೆದಾಟಕ್ಕೆ ಒಂದು ನೆಪ ಸಿಗುತ್ತಿತ್ತು. ಅಪ್ಪ ಎರಡೂ ಅಂಗೈ ಮೇಲೆ ಮಾಡಿ, ಯಾರದೋ ಕೈ ನೋಡುವ ಹಾಗೆ ನೋಡಿಕೊಂಡ.

"ಹಂಗಾದ್ರೆ ನನ್ನ ಗಾಡಿ ಗತಿ ಏನಯ್ಯಾ ಹೊನ್ನ?" ಅಂದರು ಚನ್ನವೀರಪ್ಪ. ಕೊಡೆ ಮಡಿಸಿ ನನ್ನ ಹತ್ತಿರ ಬಂದರು. "ಹೋಗ್ಲಿ ಬಿಡು. ಮಗ ಇದಾನಲ್ಲ." ನನ್ನ ಕೈ ಹಿಡಿದು ಅಂಗೈ ಮೇಲೆ ಮಾಡಿ, ಮಂಡಿಯಲ್ಲಿ ಹಣ್ಣು ಅದುಮುವ ಹಾಗೆ ಹೆಬ್ಬೆರಳಿನಿಂದ ಅದುಮಿದರು. "ಗಟ್ಟಿ ಕೈ. ಗ್ರೀಸ್ ತೊಳೆದ್ರೆ ಒಂದು ತಲೆಮಾರು ಬಾಳ್ಕೆ ಬರ್ತದೆ."

ಅವರ ಮುಖಕ್ಕೆ ಗುದ್ದಲು ಇನ್ನೊಂದು ಕೈ ಆಗಲೇ ಮುಷ್ಟಿಯಾಗಿತ್ತು. ಅಷ್ಟರಲ್ಲಿ ಪಂಕಜಾಕ್ಷಮ್ಮ, "ಬೇಗ ಹೇಳ್ರಪ್ಪ, ನೋಡಿಯಾದ ಹಣ್ಣು ಕಾಯೋದಿಲ್ಲ" ಅಂದರು. ಚಕ್ಕೋತದ ತೊಟ್ಟಿನ ಸುತ್ತ ಕಪ್ಪು ಹರಡತೊಡಗಿತ್ತು. ಅಪ್ಪ ನನ್ನ ಕಡೆ ನೋಡಲೇ ಇಲ್ಲ. ನೋಡಿದರೆ ಕೇಳಿದಂತಾಗುತ್ತದೆ ಅಂತ ನೋಡಲಿಲ್ಲ, ನನಗೆ ಗೊತ್ತು. ಅಕ್ಕನೂ ಹೀಗೇ ತಲೆ ತಗ್ಗಿಸಿ ನಿಂತಿದ್ದಳು. ಈ ಮನೆಯವರು ಊರಿನ ಕಾಯಿಲೆಗೆಲ್ಲ ಮೈ ಕೊಡುತ್ತಾರೆ, ನನ್ನ ಹತ್ತಿರ ಒಂದು ಮಾತು ಕೇಳುವುದಕ್ಕೆ ಹೆದರುತ್ತಾರೆ. ಹಾಗೆ ಹೆದರಿಸಿ ಇಟ್ಟವನು ನಾನೇ.

ಚನ್ನವೀರಪ್ಪನವರ ಕೈಯಿಂದ ಕೈ ಕಿತ್ತುಕೊಂಡು ಕಲ್ಲಿಗೆ ಊರಿದೆ. ಬೆಚ್ಚಗಾಯಿತು. "ನೋಡ್ರಲಾ, ಸಿದ್ರಾಜನೂ ಊರಿಬಿಟ್ಟ!" ಎಂದು ಯಾರೋ ಕೂಗಿದರು. ಹಣ್ಣಿನ ಮೇಲಿನ ಕಪ್ಪು ಮಾಯವಾಗಿ ಹಸಿರು ಹೊಳೆಯಿತು. ಚನ್ನವೀರಪ್ಪನವರು ಚಪ್ಪಾಳೆ ತಟ್ಟಿ, "ಭಲೆ. ಇನ್ನು ಕಲ್ಲಂಗಡಿಗೂ ಒಂದ್ಸಲ..." ಅನ್ನುತ್ತಿದ್ದರು. "ಅದಕ್ಕೆ ನಿಮ್ಮ ಕೈಯೇ ಐತಲ್ಲ" ಎಂದು ಹಣ್ಣೆತ್ತಿಕೊಂಡು, ಅಪ್ಪನ ರಟ್ಟೆ ಹಿಡಿದು ಹೊರಟೆ.

ಜ್ವರ ಎಲ್ಲಿ ಅಡ್ಡಗಟ್ಟುತ್ತದೋ ಎಂದು ಹಲ್ಲು ಕಚ್ಚಿ ನಡೆದೆ. ಮೊದಲು ಮೂಗು ಕೆರೆಯಿತು. ಸೀನು ಬಂತು. ಇನ್ನೊಂದು ಸೀನು. ಮೈಯಿಂದ ಚಕ್ಕೋತದ ವಾಸನೆ ಸ್ವಲ್ಪ ಎದ್ದಿತು. ಇನ್ನೂ ಕಾದೆ. ಏನೂ ಬರಲಿಲ್ಲ.

"ಅಪ್ಪ, ಜ್ವರ ಎಲ್ಲಿ?"

"ಆಯ್ತಲ್ಲ."

"ಇಷ್ಟೇನಾ?"

"ಒಂದು ಹಣ್ಣಿಗೆ ಇನ್ನೆಷ್ಟು ಬರ್ತದ್ಲಾ? ಗಾಡಿಗಟ್ಟಲೆ ಒಬ್ಬನೇ ಹೊತ್ರೆ ಜ್ವರ. ಒಂದಕ್ಕೆ ಸೀನು."

"ಮತ್ತೆ ಉಮಾಪತಿ ವಾರಗಟ್ಟಲೆ..."

ಅಪ್ಪನಿಗೆ ನಗು ಬಂದು ಕೆಮ್ಮಾಯಿತು. ಬೇಲಿಯ ಕಂಬ ಹಿಡಿದು ನಿಂತು ಸುಧಾರಿಸಿಕೊಂಡ. "ಅವನೂ ಸೀನಿದ್ದಷ್ಟೇ. ನಾನಿದ್ನಲ್ಲ ಅಲ್ಲೇ. ಬಯಕೆಗೆ ಕೈ ಊರಿದೋರೆಲ್ಲ ಹಂಗೇ ಮಲ್ಗೋದು ಕಣಪ್ಪ. ಅದೊಂದು ಪದ್ಧತಿ."

"ಗೊತ್ತಿದ್ದೂ ಕಷಾಯ ತಗೊಂಡ್ ಹೋದ್ಯಾ? ಊರಿಗೆಲ್ಲ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವನಿಗೇನೂ ಆಗಲ್ಲ. ಅವನ ತಂಗಿಗೆ ಅವಮಾನ. ಆ ಹುಡುಗಿ ಏನು ಮಾಡಿತ್ತು ಪಾಪ."

ತಲೆಯೊಳಗೆ ಬೇರೆಯೇ ಒಂದು ಕುದಿಯುತ್ತಿತ್ತು. ಈ ಊರಿನವರು ತಾವು ತಿನ್ನುವ ಹಣ್ಣಿಗೆ ತಾವೇ ಕೈ ಊರಿದ್ದರೆ ಊರು ದಿನಕ್ಕೊಂದು ಸಲ ಸೀನುತ್ತಿತ್ತು, ಅಷ್ಟೆ. ಮಂಡಿಯ ಹಿಂದಿನ ಜಗಲಿಯ ಮೇಲೆ ಒಬ್ಬನೂ ಮಲಗುತ್ತಿರಲಿಲ್ಲ. ಬೀದಿಯಲ್ಲಿ ನಿಂತು ಇದನ್ನು ಕಿರುಚಬೇಕು ಅನ್ನಿಸಿತು. ಆದರೆ ಮಂಡಿಯಿಂದ ಅಪ್ಪ ತಂದ ಬಾಳೆಹಣ್ಣನ್ನು ಇಷ್ಟು ವರ್ಷ ಸುಲಿದು ತಿಂದವನು ನಾನು. ನನ್ನ ಪಾಲಿನ ಸೀನನ್ನೂ ಅಪ್ಪನೇ ಸೀನಿದ್ದ. ನಾನು ಆಣೆಯ ಮೇಲೆ ಕೂತು ಎದೆಯುಬ್ಬಿಸಿಕೊಂಡಿದ್ದೆ.

ಗಂಗಮಾಳಮ್ಮನಿಗೆ ಸುದ್ದಿ ಮುಟ್ಟಿತ್ತು. ಬಾಗಿಲಲ್ಲೇ ನಿವಾಳಿಸಿ, "ಬಾರಪ್ಪ ನನ್ನಪ್ಪ, ನಿನ್ನೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ" ಎಂದು ನಡುಮನೆಗೆ ಕರೆದೊಯ್ದರು. ಅಲ್ಲಿ ಆಗಲೇ ಹಾಸಿಗೆ ಹಾಸಿತ್ತು, ಹೊಸ ದಿಂಬು, ಕಂಬಳಿ. ಅಪ್ಪನಿಗೆ, "ಹೊನ್ನಯ್ಯನೋರು ಜಗಲೀಲೇ ಕೂತ್ಕೊಳ್ಳಿ, ಗಾಳಿ ಬರ್ತದೆ. ಅನಾನಸ್ ಇನ್ನೂ ಪೂರ್ತಿ ಹೋದಂಗಿಲ್ಲ" ಅಂದರು. ಅಪ್ಪ ಹೂಂ ಎಂದು ಕೂತ.

ಅಕ್ಕ ಹಣ್ಣು ಸುಲಿದು ಒಂದು ತೊಳೆ ಬಾಯಿಗಿಟ್ಟಳು. ಕಣ್ಣು ಮುಚ್ಚಿ ನುಂಗಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಸಡಿಲವಾದದ್ದನ್ನು ಕಂಡೆ. ನೋಡಿದೆನಲ್ಲ, ಇನ್ನು ಸಾಕು, ಎಲ್ಲ ಹೇಳಿಬಿಡೋಣ ಅನ್ನಿಸಿತು. "ಅತ್ತೆಮ್ಮ, ನನಗೆ ಹಾಸಿಗೆ ಬೇಡ. ನನಗೇನೂ..." ಎನ್ನುವಷ್ಟರಲ್ಲಿ ಅಕ್ಕ ನನ್ನ ರಟ್ಟೆ ಹಿಡಿದು ಜಗ್ಗಿದಳು. ಕಂಬಳಿ ಸರಿಮಾಡುವ ನೆಪದಲ್ಲಿ ಬಗ್ಗಿ ಕಿವಿಯ ಹತ್ತಿರ, "ಗೊತ್ತು ಕಣೋ, ಮುಖ ನೋಡಿದ್ರೆ ಗೊತ್ತಾಗ್ತದೆ. ಸುಮ್ನೆ ಮಲ್ಕೋ. ನಾನು ಇಲ್ಲಿ ಬಾಳ್ಬೇಕು" ಅಂದಳು.

ಮಲಗಿದೆ. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಸುತ್ತ ಕೂತರು. "ಪಾಪ, ಎಳೇ ಮೈ, ಹೆಂಗ್ ತಡೀತದೋ." "ಅಕ್ಕನ ಮೇಲೆ ಪ್ರಾಣ ಅಂದ್ರೆ ಇದಪ್ಪ." ಮೆಣಸಿನ ಸಾರು ಬಂತು, ಬಿಸಿಬಿಸಿ ಅನ್ನ ಬಂತು. ಜಗಲಿಯಿಂದ ಅಪ್ಪನ ಕೆಮ್ಮು ಕೇಳುತ್ತಿತ್ತು. ಒಬ್ಬಳು ಎದ್ದು ಹೋಗಿ, ರೋಗಿಗೆ ತೊಂದರೆಯಾಗುತ್ತದೆ ಅಂತ, ಬಾಗಿಲು ಮುಂದೆ ಮಾಡಿ ಬಂದಳು. ನಾನು ಸಾರಿನ ಬಟ್ಟಲು ಪಕ್ಕಕ್ಕಿಟ್ಟೆ.

ಅವರಲ್ಲೊಬ್ಬ ಮುದುಕಿ ಬಹಳ ಹೊತ್ತಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. "ಜ್ವರ ಬಂದೋನ ತುಟಿ ಇಷ್ಟು ಹಸಿಯಾಗಿರ್ತದೇನ್ರೇ? ಹಣೆ ಮುಟ್ಟಿ ನೋಡ್ತೀನಿ, ತಡೀರಿ" ಎಂದು ಕೈ ಚಾಚಿದಳು. ಗಂಗಮಾಳಮ್ಮನ ಮುಖದ ನಗು ಅಲ್ಲೇ ನಿಂತಿತು. ಅಕ್ಕ ಕೈಯಲ್ಲಿದ್ದ ತೊಳೆಯನ್ನು ಕೆಳಗಿಟ್ಟಳು.

ಬಾಗಿಲು ಕಿರ್ರೆಂದಿತು. ಅಪ್ಪ ಚೌಕಟ್ಟು ಹಿಡಿದು ನಿಂತಿದ್ದ. "ತಡೀರವ್ವ" ಅಂದ. "ಜ್ವರ ನೋಡೋದು ನನಗೆ ಬಿಡಿ. ನನ್ನ ಕಸುಬಲ್ವಾ ಅದು?" ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು. ಅವನು ಗೋಡೆ ಹಿಡಿದುಕೊಂಡು ಬಂದು, ನನ್ನ ತಲೆಯ ಹತ್ತಿರ ಕಷ್ಟಪಟ್ಟು ಕೂತು, ಅಂಗೈಯನ್ನು ನನ್ನ ಹಣೆಯ ಮೇಲಿಟ್ಟ. ಅದು ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

"ಅಯ್ಯೋ ಸಿವನೇ, ಕೆಂಡ ಕೆಂಡ" ಎಂದು ಅಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಇಂಥ ಜ್ವರ ನಾನೂ ಕಂಡಿಲ್ಲ ಕಣ್ರವ್ವ. ಹತ್ರ ಬರ್ಬೇಡಿ."

ನಾನು ಕಣ್ಣು ಮುಚ್ಚಿಕೊಂಡು ನರಳಿದೆ. ಗಂಗಮಾಳಮ್ಮ ಓಡಿಹೋಗಿ ಇನ್ನೊಂದು ಕಂಬಳಿ ತಂದು ನನಗೆ ಹೊದಿಸಿದರು.